ಹಸಿರು ಟ್ಯಾಗ್ ಹಾಕಿಕೊಂಡು ನೋಡಿದ ಆಫೀಸು: ಒಂದು ಇಂಟರ್ನ್‌ಶಿಪ್ ವಿಮರ್ಶೆ

ಅಂಕ ಮೊದಲೇ ಹೇಳಿಬಿಡುತ್ತೇನೆ. ಹತ್ತಕ್ಕೆ ಏಳು.

ಇದು ಒಂದು ಬೇಸಿಗೆ ಇಂಟರ್ನ್‌ಶಿಪ್‌ನ ವಿಮರ್ಶೆ. ಜಾಗ ಬೆಂಗಳೂರಿನ ಹೊರ ವರ್ತುಲ ರಸ್ತೆ, ಬೆಳ್ಳಂದೂರು ಕಡೆಯ ಒಂದು ಟೆಕ್ ಪಾರ್ಕ್. ಅಮೆರಿಕದ ಸಾಫ್ಟ್‌ವೇರ್ ಕಂಪನಿಯೊಂದರ ಇಲ್ಲಿನ ಆಫೀಸು. ಹೆಸರು ಹೇಳುವ ಹಾಗಿಲ್ಲ, ಸೇರಿದ ದಿನವೇ ಅದಕ್ಕೊಂದು ಕಾಗದಕ್ಕೆ ಸಹಿ ಮಾಡಿಸಿಕೊಂಡಿದ್ದಾರೆ. ನಾನು ದಾವಣಗೆರೆಯವಳು. ವಿಟಿಯು ಅಡಿಯ ಕಾಲೇಜಿನಲ್ಲಿ ಎಂಬಿಎ, ಎಚ್‌ಆರ್ ನನ್ನ ವಿಷಯ. ಅಲ್ಲಿ ಹಾಕಿದ್ದೂ ಎಚ್‌ಆರ್ ಟೀಮಿಗೇ.

ಇಂಟರ್ನ್‌ಶಿಪ್‌ಗೂ ವಿಮರ್ಶೆ ಬೇಕಾ ಅಂತ ರೂಮ್‌ಮೇಟ್ ನಕ್ಕಳು. ಯಾಕೆ ಬೇಡ? ನೂರು ರೂಪಾಯಿಯ ಫೋನ್ ಕವರ್ ಕೊಳ್ಳುವಾಗಲೂ ನಾವು ರಿವ್ಯೂ ಓದುತ್ತೇವೆ. ಇದಕ್ಕೆ ಇಡೀ ರಜೆ ಕೊಡುತ್ತೇವೆ, ಪಿಜಿ ಬಾಡಿಗೆ ಕಟ್ಟುತ್ತೇವೆ, ಕಾಲೇಜಿನ ಅಂಕವೂ ಇದರ ಮೇಲೇ ನಿಂತಿರುತ್ತದೆ. ಆದರೆ ಸೀನಿಯರ್‌ಗಳನ್ನು ಕೇಳಿದರೆ ಸಿಗುವ ಉತ್ತರ ಒಂದೇ: "ಚೆನ್ನಾಗಿತ್ತು ಕಣೇ, ಊಟ ಫ್ರೀ."

ಊಟ ಫ್ರೀ ಅನ್ನೋದು ನಿಜ. ಅದನ್ನೂ ದುಡ್ಡಿನ ಮಾತನ್ನೂ ಬೇಗ ಮುಗಿಸುತ್ತೇನೆ. ಸ್ಟೈಪೆಂಡ್ ತಿಂಗಳಿಗೆ 20,000. ಹೇಳಿದ ದಿನವೇ ಖಾತೆಗೆ ಬಂತು. ಮಾರತ್ತಹಳ್ಳಿಯಲ್ಲಿ ಮೂವರ ರೂಮಿನ ಪಿಜಿಗೆ 9,500 ಹೋಯಿತು. ಓಡಾಟಕ್ಕೆ 500ಡಿ ಬಸ್ಸು. ಮೆಟ್ರೊ ಕೆಲಸ ನಡೆಯುತ್ತಿರುವುದರಿಂದ ಬಸ್ಸು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ತಡವಾದ ದಿನ ಹೆಣ್ಣುಮಕ್ಕಳಿಗೆ ಕಂಪನಿಯ ಕ್ಯಾಬ್ ಇರುತ್ತದೆ. ಕೊನೆಯ ಡ್ರಾಪ್ ಹೆಣ್ಣುಮಗಳದ್ದಾದರೆ ಜೊತೆಗೆ ಗಾರ್ಡ್ ಕೂರುತ್ತಾರೆ. ಈ ವಿಷಯದಲ್ಲಿ ಒಂದು ದಿನವೂ ಎಡವಟ್ಟಾಗಲಿಲ್ಲ. ಅಮ್ಮನಿಗೆ ಇದೊಂದನ್ನು ಹೇಳಿದ ಮೇಲೆ ಅವಳು ಬೇರೆ ಏನನ್ನೂ ಕೇಳಲಿಲ್ಲ.

ಇನ್ನು ಕಾಲೇಜಿನ ರಿಪೋರ್ಟು. ವಿಟಿಯು ಎಂಬಿಎ ಮಾಡಿದವರಿಗೆಲ್ಲ ಗೊತ್ತು, ಅದರಲ್ಲಿ 'ಮೆಕಿನ್ಸಿ 7ಎಸ್' ಅಧ್ಯಾಯ ಇರಲೇಬೇಕು. ಮೆಕಿನ್ಸಿ ಅನ್ನೋ ಸಲಹಾ ಸಂಸ್ಥೆಯಿಂದ ಬಂದ, ಕಂಪನಿಯನ್ನು ಏಳು ಭಾಗವಾಗಿ ನೋಡುವ ಮಾದರಿ ಅದು. ಸ್ಟ್ರಾಟಜಿ, ಸ್ಟ್ರಕ್ಚರ್, ಸಿಸ್ಟಮ್ಸ್, ಸ್ಟೈಲ್, ಸ್ಟಾಫ್, ಸ್ಕಿಲ್ಸ್, ನಟ್ಟ ನಡುವೆ ಶೇರ್ಡ್ ವ್ಯಾಲ್ಯೂಸ್. 1980ರ ಸುಮಾರಿಗೆ ಟಾಮ್ ಪೀಟರ್ಸ್, ರಾಬರ್ಟ್ ವಾಟರ್‌ಮನ್ ಮತ್ತವರ ಜೊತೆಗಾರರು ಇದನ್ನು ಮಾಡಿದ್ದೇ, ಕಂಪನಿ ಅಂದರೆ ಬರೀ ಸ್ಟ್ರಕ್ಚರ್ ಅಲ್ಲ ಅಂತ ತೋರಿಸಲು. ಆದರೆ ನಮ್ಮ ಲೈಬ್ರರಿಯಲ್ಲಿರುವ ಹಳೆಯ ರಿಪೋರ್ಟುಗಳನ್ನು ತೆಗೆದು ನೋಡಿ. ಸ್ಟ್ರಕ್ಚರ್‌ಗೆ ದೊಡ್ಡ ಚಾರ್ಟು, ಶೇರ್ಡ್ ವ್ಯಾಲ್ಯೂಸ್‌ಗೆ ಕಂಪನಿಯ ವೆಬ್‌ಸೈಟಿನಿಂದ ಎತ್ತಿದ ನಾಲ್ಕು ಸಾಲು. ಅಷ್ಟೇ. ನನ್ನ ರಿಪೋರ್ಟೂ ಹೆಚ್ಚುಕಮ್ಮಿ ಹಾಗೇ ಇದೆ, ಕಂಪನಿಯವರು ಓದಿ ಸರಿ ಅಂದ ಮೇಲೆ ತಾನೇ ಕಾಲೇಜಿಗೆ ಕೊಡುವುದು. ಅದರಲ್ಲಿ ಬಾರದ್ದು ಇಲ್ಲಿದೆ.

ಮೊದಲ ದಿನ ಇಂಡಕ್ಷನ್. ಎಸಿ ಚಳಿಯಲ್ಲಿ ಮಧ್ಯಾಹ್ನದವರೆಗೂ ಪಿಪಿಟಿ. ಕಂಪನಿಗೆ ಐದು ಮೌಲ್ಯಗಳಿವೆ. ಅವು ಗೋಡೆಯ ಮೇಲೆ, ಕಾಫಿ ಮಗ್ಗಿನ ಮೇಲೆ, ಲಿಫ್ಟಿನ ಬಾಗಿಲ ಮೇಲೆ, ಎಲ್ಲ ಕಡೆ ಇವೆ. 'ಸ್ಪೀಕ್ ಅಪ್', ಅಂದರೆ ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳಿ ಅನ್ನೋದು, ಅವುಗಳಲ್ಲಿ ಎರಡನೆಯದು. ಆಮೇಲೆ ಲೈಂಗಿಕ ಕಿರುಕುಳ ತಡೆಯ ತರಬೇತಿ. 2013ರ ಕಾಯ್ದೆಯ ಬಗ್ಗೆ ನಮ್ಮ ಕಾಲೇಜಿನಲ್ಲಿ ಒಂದು ಪಿರಿಯಡ್ಡಿನಲ್ಲಿ ಹೇಳಿ ಮುಗಿಸಿದ್ದರು. ಇಲ್ಲಿ ಉದಾಹರಣೆ ಕೊಟ್ಟು, ಪ್ರಶ್ನೆ ಕೇಳಿ, ಸಮಾಧಾನವಾಗಿ ಹೇಳಿಕೊಟ್ಟರು. ಅದಕ್ಕೆ ಪೂರ್ತಿ ಅಂಕ. ಲ್ಯಾಪ್‌ಟಾಪ್ ಕೈಗೆ ಬರಲು ಮಾತ್ರ ಒಂದು ವಾರದ ಮೇಲೆ ಹಿಡಿಯಿತು. ಅಲ್ಲಿಯವರೆಗೆ ಪಕ್ಕದವರ ಸ್ಕ್ರೀನ್ ನೋಡುತ್ತಾ ಕೂರುವುದೇ ಕೆಲಸ. ಇದು ಎಲ್ಲ ಕಂಪನಿಗಳಲ್ಲೂ ಹೀಗೇ ಅಂತೆ.

ಇಂಡಕ್ಷನ್‌ನಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಆದರೆ ಎಲ್ಲರಿಗೂ ಮೊದಲು ಅರ್ಥವಾಗುವ ವಿಷಯ ಟ್ಯಾಗಿನ ಬಣ್ಣ. ಕಂಪನಿಯ ಸ್ವಂತ ನೌಕರರಿಗೆ ನೀಲಿ. ಇಂಟರ್ನ್‌ಗಳಿಗೆ ಹಸಿರು. ಏಜೆನ್ಸಿ ಮೂಲಕ ಬಂದವರಿಗೆ ಹಳದಿ. ಹಳದಿ ಅಂದರೆ ಹೌಸ್‌ಕೀಪಿಂಗ್, ಸೆಕ್ಯುರಿಟಿ ಮಾತ್ರ ಅಂದುಕೊಳ್ಳಬೇಡಿ. ನನ್ನ ಪಕ್ಕದ ಸೀಟಿನಲ್ಲಿ ಸಂಬಳದ ಲೆಕ್ಕ ನೋಡುತ್ತಿದ್ದ ಹುಡುಗಿಯದ್ದೂ ಹಳದಿಯೇ. ಎದುರು ಸೀಟಿನ ನೀಲಿ ಟ್ಯಾಗಿನವರದ್ದೂ ಅದೇ ಕೆಲಸ, ಅದೇ ಶೀಟು. ಆದರೆ ಟೌನ್‌ಹಾಲ್ ಮೀಟಿಂಗ್, ಅಂದರೆ ಇಡೀ ಆಫೀಸು ಒಟ್ಟಿಗೆ ಸೇರುವ ಸಭೆ, ಇದ್ದ ದಿನ ನೀಲಿಯವರೆಲ್ಲ ಎದ್ದು ಆಡಿಟೋರಿಯಂಗೆ ಹೋದರು. ಅವಳು ಕೂತೇ ಇದ್ದಳು. ಹಸಿರಿನವಳಾದ ನನಗೆ ಆಹ್ವಾನ ಇತ್ತು. ಮೂರು ವರ್ಷದಿಂದ ಅಲ್ಲೇ ದುಡಿಯುತ್ತಿರುವ ಅವಳಿಗೆ ಇರಲಿಲ್ಲ.

ಯಾಕೆ ಹೀಗೆ ಅಂತ ನನ್ನ ಮೆಂಟರ್‌ನ ಕೇಳಿದೆ. ಅವರು ನೇರವಾಗಿಯೇ ಹೇಳಿದರು. ಇದು ಜಂಬದ ಪ್ರಶ್ನೆಯಲ್ಲ, ಲೀಗಲ್‌ನವರ ಸಲಹೆ. ಏಜೆನ್ಸಿಯ ಜನರನ್ನು ನಮ್ಮವರ ಹಾಗೆಯೇ ನಡೆಸಿಕೊಂಡರೆ, ನಾಳೆ ಅವರು ನಾವೂ ನಿಮ್ಮ ನೌಕರರೇ ಅಂತ ಕೋರ್ಟಿಗೆ ಹೋಗಬಹುದು. ಅದಕ್ಕೇ ಬೇರೆ ಟ್ಯಾಗು, ಬೇರೆ ಇಮೇಲ್ ವಿಳಾಸ, ಬೇರೆ ಹಬ್ಬದ ಗಿಫ್ಟು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯನ್ನು ನಾವು ಐದು ಅಂಕದ ಪ್ರಶ್ನೆಯಾಗಿ ಓದಿದ್ದೆವು. ಪಕ್ಕದ ಸೀಟಿನವಳ ಹೆಸರು ಆಹ್ವಾನದ ಪಟ್ಟಿಯಲ್ಲಿ ಯಾಕಿಲ್ಲ ಅನ್ನೋದಕ್ಕೆ ಅದೂ ಉತ್ತರ ಅಂತ ಆವತ್ತು ಗೊತ್ತಾಯಿತು.

ಅಮೆರಿಕದ ಎಂಐಟಿಯಲ್ಲಿ ಪಾಠ ಮಾಡಿದ ಎಡ್ಗರ್ ಶೈನ್ ಅವರು ಸಂಸ್ಥೆಯ ಸಂಸ್ಕೃತಿಗೆ ಮೂರು ಪದರ ಹೇಳುತ್ತಾರೆ. ಕಣ್ಣಿಗೆ ಕಾಣುವ ವಸ್ತುಗಳು, ಬಾಯಲ್ಲಿ ಹೇಳುವ ಮೌಲ್ಯಗಳು, ಯಾರೂ ಹೇಳದೆಯೂ ಎಲ್ಲರೂ ನಂಬಿರುವ ಊಹೆಗಳು. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿದ್ದೆ. ಮೂರನೆಯ ಪದರಕ್ಕೆ ಉದಾಹರಣೆ ಬರೆಯಿರಿ ಅಂದಾಗ ಪುಸ್ತಕದಲ್ಲಿದ್ದದ್ದನ್ನೇ ಬರೆದಿದ್ದೆ. ಈಗಾದರೆ ನನಗೆ ಕೊಟ್ಟ ಕೆಲಸವನ್ನೇ ಬರೆಯುತ್ತೇನೆ.

ನನಗೆ ಕೊಟ್ಟಿದ್ದು ನೌಕರರ ಸರ್ವೆಯ ಕಾಮೆಂಟುಗಳನ್ನು ವಿಂಗಡಿಸುವ ಕೆಲಸ. ಕಂಪನಿ ವರ್ಷಕ್ಕೊಮ್ಮೆ ಎಲ್ಲರಿಗೂ ಪ್ರಶ್ನೆಗಳನ್ನು ಕಳಿಸುತ್ತದೆ. ಎಲ್ಲರಿಗೂ ಅಂದರೆ ನೀಲಿಯವರಿಗೆ. ಒಂದರಿಂದ ಐದರವರೆಗೆ ಅಂಕ, ಕೊನೆಗೆ 'ಇನ್ನೇನಾದರೂ ಹೇಳುವುದಿದೆಯೇ' ಅಂತ ಒಂದು ಖಾಲಿ ಜಾಗ. ಬರೆದವರ ಹೆಸರು ನಮಗೆ ಕಾಣಿಸುವುದಿಲ್ಲ, ಟೀಮಿನ ಹೆಸರು ಮಾತ್ರ. ಐದು ಜನಕ್ಕಿಂತ ಕಡಿಮೆ ಇರುವ ಟೀಮಾದರೆ ಅದೂ ಇಲ್ಲ. ಆ ಖಾಲಿ ಜಾಗದಲ್ಲಿ ಜನ ಬರೆದದ್ದನ್ನೆಲ್ಲ ನಾನು ಓದಿ, ಪ್ರತಿಯೊಂದಕ್ಕೂ ಒಂದು ಗುಂಪು ಕೊಡಬೇಕು. ಕೊನೆಗೆ ಒಂದು ಚಾರ್ಟು, 'ಮುಖ್ಯ ಮೂರು ವಿಷಯಗಳು' ಅಂತ.

ಇದು ಬೇಜಾರಿನ ಕೆಲಸ ಅಂತ ಬೇರೆ ಇಂಟರ್ನ್‌ಗಳು ಅಯ್ಯೋ ಪಾಪ ಅಂದರು. ನನಗೆ ಇಡೀ ಬೇಸಿಗೆಯಲ್ಲಿ ಸಿಕ್ಕ ಅತ್ಯುತ್ತಮ ಕೆಲಸ ಅದೇ. ಆಫೀಸಿನಲ್ಲಿ ಯಾರೂ ಜೋರಾಗಿ ಹೇಳದ ಮಾತೆಲ್ಲ ಆ ಒಂದು ಕಾಲಮ್ಮಿನಲ್ಲಿ ಇತ್ತು. ಅನ್ನ ಗಟ್ಟಿಯಾಗಿರುತ್ತದೆ. ಕ್ಯಾಬ್ ಹತ್ತು ನಿಮಿಷ ಮೊದಲೇ ಹೊರಡುತ್ತದೆ. ಮಗು ಹುಟ್ಟಿ ವಾಪಸ್ ಬಂದ ಮೇಲೆ ನನ್ನ ಪ್ರಾಜೆಕ್ಟ್ ಬೇರೆಯವರಿಗೆ ಹೋಗಿದೆ. ರಾತ್ರಿಯ ಕಾಲ್‌ಗಳನ್ನು ದಯವಿಟ್ಟು ವಾರಕ್ಕೆ ಎರಡಕ್ಕೆ ಇಳಿಸಿ. ಒಬ್ಬರು ಬರೀ 'ಕಳೆದ ವರ್ಷವೂ ಬರೆದಿದ್ದೆ' ಅಂತ ಬರೆದಿದ್ದರು.

ರಾತ್ರಿಯ ಕಾಲ್ ಬಗ್ಗೆ ಒಂದು ಮಾತು. ಬೇಸಿಗೆಯಲ್ಲಿ ನಮಗೂ ಕ್ಯಾಲಿಫೋರ್ನಿಯಾಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಅವರ ಬೆಳಗಿನ ಎಂಟೂವರೆ ನಮ್ಮ ರಾತ್ರಿ ಒಂಬತ್ತು. ಟ್ರಾಫಿಕ್ ತಪ್ಪಿಸಲು ಎಲ್ಲರೂ ಸಂಜೆ ಐದಕ್ಕೇ ಹೊರಡುತ್ತಾರೆ. ಅದನ್ನು ನೋಡಿ ಎಷ್ಟು ಸುಖ ಇವರಿಗೆ ಅಂದುಕೊಂಡಿದ್ದೆ. ಮನೆಗೆ ಹೋಗಿ, ಮಕ್ಕಳಿಗೆ ಊಟ ಮಾಡಿಸಿ, ಮತ್ತೆ ಲ್ಯಾಪ್‌ಟಾಪ್ ತೆಗೆಯುತ್ತಾರೆ. 2023ರಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಿದ್ದು ಊಟದ ಟೇಬಲ್‌ನಲ್ಲಿ ಈಗಲೂ ಜೋಕು. ಬೆಳಗಿನ ಸ್ಟ್ಯಾಂಡಪ್‌ನಿಂದ ರಾತ್ರಿಯ ಕಾಲ್‌ವರೆಗೆ ಕೂಡಿಸಿದರೆ ಕೆಲವರು ಆ ಲೆಕ್ಕಕ್ಕೆ ತುಂಬಾ ದೂರ ಇಲ್ಲ ಅನ್ನಿಸಿತು. ನಡುವಿನ ಬಿಡುವಿನಲ್ಲಿ ಟೇಬಲ್ ಟೆನಿಸ್ ಇದೆ ಬಿಡಿ.

ಸರ್ವೆಗೆ ಬರೋಣ. ಓದುತ್ತಾ ಹೋದಂತೆ ನಾನೇ ಗುಂಪುಗಳನ್ನು ಮಾಡಿಕೊಂಡೆ: ಊಟ, ಓಡಾಟ, ಸಂಬಳ, ಬಡ್ತಿ, ಕೆಲಸದ ಹೊತ್ತು, ಕಮ್ಯುನಿಕೇಷನ್. ಅದರ ಜೊತೆ ಇನ್ನೊಂದು, 'ಮ್ಯಾನೇಜರ್‌ಗೆ ಹೇಳಲು ಹೆದರಿಕೆ'. ಇದರಲ್ಲಿ ಬಿದ್ದ ಕಾಮೆಂಟುಗಳು ಕಡಿಮೆಯೇನೂ ಇರಲಿಲ್ಲ. ಮೀಟಿಂಗ್‌ನಲ್ಲಿ ಬೇಡ ಅಂದರೆ ರೇಟಿಂಗ್ ಇಳಿಯುತ್ತದೆ, ಕೇಳಿದರೆ 'ನೀನು ಟೀಮ್ ಪ್ಲೇಯರ್ ಅಲ್ಲ' ಅನ್ನುತ್ತಾರೆ, ಇಂಥವು. ಚಾರ್ಟ್ ಮಾಡಿದಾಗ ಅದು ಮೇಲಿನ ಮೂರರಲ್ಲಿ ಬಂತು.

ಮೆಂಟರ್‌ಗಿಂತ ಮೇಲಿನವರು ಶೀಟ್ ನೋಡಿದರು. ತುಂಬಾ ಚೆನ್ನಾಗಿ ಮಾಡಿದ್ದೀಯ ಅಂದರು. ಆಮೇಲೆ, ಈ ಒಂದು ಗುಂಪು ಸಣ್ಣದು, ಇದನ್ನು 'ಕಮ್ಯುನಿಕೇಷನ್' ಜೊತೆ ಸೇರಿಸಿಬಿಡು ಅಂದರು. ಕಮ್ಯುನಿಕೇಷನ್ ಅನ್ನೋ ಗುಂಪಿನಲ್ಲಿ ಇದ್ದದ್ದು ಏನು ಗೊತ್ತಾ? ನ್ಯೂಸ್‌ಲೆಟರ್ ತಡವಾಗಿ ಬರುತ್ತದೆ, ರಜೆ ಪಟ್ಟಿ ಪೋರ್ಟಲ್‌ನಲ್ಲಿ ಸಿಗುವುದಿಲ್ಲ ಅನ್ನೋ ದೂರುಗಳು. ಎರಡನ್ನೂ ಸೇರಿಸಿದರೆ ಒಟ್ಟು ಇನ್ನೂ ದೊಡ್ಡದಾಗಬೇಕಲ್ವಾ? ಆಯಿತು. ಚಾರ್ಟಿನಲ್ಲಿ ಎರಡನೇ ಸ್ಥಾನಕ್ಕೆ ಬಂತು. ಆದರೆ ಅದರ ಪಕ್ಕ ಬರೆದ ಪರಿಹಾರ: ನ್ಯೂಸ್‌ಲೆಟರ್ ಇನ್ನು ಮುಂದೆ ಹದಿನೈದು ದಿನಕ್ಕೊಮ್ಮೆ. ಯಾರೂ ಸುಳ್ಳು ಹೇಳಲಿಲ್ಲ, ಒಂದು ಅಂಕಿಯನ್ನೂ ತಿದ್ದಲಿಲ್ಲ. ಎರಡು ಸೆಲ್‌ಗಳನ್ನು ಮರ್ಜ್ ಮಾಡಿದೆವು, ಅಷ್ಟೇ. ಮಾಡಿದ್ದು ನನ್ನ ಕೈಯೇ.

ಮೊದಲ ಸ್ಥಾನ ಊಟಕ್ಕೆ. ಅದಕ್ಕೆ ಕ್ರಮ ಶರವೇಗದಲ್ಲಿ ಆಯಿತು. ಫುಡ್ ಕೋರ್ಟಿನಲ್ಲಿ ಸಿರಿಧಾನ್ಯದ ಕೌಂಟರ್ ಬಂತು. ಅದರ ಪಕ್ಕ ಪೋಸ್ಟರ್ ಬಂತು, 'ನೀವು ಹೇಳಿದಿರಿ, ನಾವು ಮಾಡಿದೆವು' ಅಂತ. ನವಣೆ ದೋಸೆ ಪರವಾಗಿಲ್ಲ. ಬೆಣ್ಣೆದೋಸೆ ಊರಿನವಳು ಪರವಾಗಿಲ್ಲ ಅಂದರೆ ಅದು ಹೊಗಳಿಕೆ ಅಂತಲೇ ತಿಳಿಯಿರಿ.

ಅದೇ ಶೀಟಿನಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಒಂದು ಟೀಮಿನವರು ಎಲ್ಲ ಪ್ರಶ್ನೆಗೂ ಐದಕ್ಕೆ ಐದು ಕೊಟ್ಟಿದ್ದರು. ಕಾಮೆಂಟ್ ಜಾಗ ಖಾಲಿ, ಇಲ್ಲವೇ 'ಆಲ್ ಗುಡ್'. ಆ ಟೀಮಿನ ಮ್ಯಾನೇಜರ್‌ಗೆ ಟೌನ್‌ಹಾಲ್‌ನಲ್ಲಿ ಬಹುಮಾನವೂ ಸಿಕ್ಕಿತು. ನನಗಿದ್ದ ಇನ್ನೊಂದು ಕೆಲಸ ರಾಜೀನಾಮೆ ಕೊಟ್ಟವರ ಎಕ್ಸಿಟ್ ಫಾರ್ಮ್‌ಗಳನ್ನು ಸಿಸ್ಟಮ್‌ಗೆ ಏರಿಸುವುದು. ಅದರಲ್ಲಿ ಮತ್ತೆ ಮತ್ತೆ ಬರುತ್ತಿದ್ದದ್ದು ಇದೇ ಟೀಮಿನ ಹೆಸರು. ಹೋಗಲು ಕಾರಣ ಏನು ಅನ್ನೋದಕ್ಕೆ ಫಾರ್ಮ್‌ನಲ್ಲಿ ಆರಿಸಿಕೊಳ್ಳಲು ಇದ್ದದ್ದು ಇಷ್ಟು: ಉತ್ತಮ ಅವಕಾಶ, ಉನ್ನತ ಓದು, ಊರು ಬದಲು, ವೈಯಕ್ತಿಕ. ಮ್ಯಾನೇಜರ್ ಅನ್ನೋ ಆಯ್ಕೆಯೇ ಇಲ್ಲ. ಹಾಗಾಗಿ ಕಂಪನಿಯ ದಾಖಲೆಯಲ್ಲಿ ಯಾರೂ ಮ್ಯಾನೇಜರ್ ಕಾಟಕ್ಕೆ ಕೆಲಸ ಬಿಟ್ಟಿಲ್ಲ. ಹೋಗುವವರು ನೋಟಿಸ್ ಅವಧಿ ಮುಗಿಸಬೇಕು, ಮೂರು ತಿಂಗಳು. ಕಾಫಿ ಮೆಷಿನ್ ಹತ್ತಿರ ಬಾಯಿ ಬಿಚ್ಚಿ ಮಾತಾಡುತ್ತಿದ್ದವರೆಲ್ಲ ಈ ಮೂರು ತಿಂಗಳಲ್ಲಿ ಇದ್ದವರೇ.

ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು, ಒಳ್ಳೆಯ ತಂಡಗಳಲ್ಲೇ ಜಾಸ್ತಿ. ಯಾಕೆಂದರೆ ಅಲ್ಲಿಯವರು ಆದ ತಪ್ಪನ್ನು ಹೆದರದೆ ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. ಇದನ್ನು ನೆನಪಿಸಿಕೊಂಡು ಆ ಸರ್ವೆ ಅಂಕವನ್ನೂ ರಾಜೀನಾಮೆಗಳ ಸಂಖ್ಯೆಯನ್ನೂ ಅಕ್ಕಪಕ್ಕ ಇಟ್ಟು ಮೆಂಟರ್‌ಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಇದು ಎಲ್ಲರಿಗೂ ಗೊತ್ತಮ್ಮ. ಶೀಟಿನಲ್ಲಿ ಯಾರೂ ಹಾಕಿರಲಿಲ್ಲ ಅಷ್ಟೇ," ಅಂದರು. ಮರುದಿನ ಅದನ್ನು ತಮ್ಮ ಹೆಸರಿನಲ್ಲೇ ಮೇಲಿನವರಿಗೆ ಕಳಿಸಿದರು, ನನ್ನ ಮೇಲೆ ಮಾತು ಬಾರದಿರಲಿ ಅಂತ. ಬಂದ ಉತ್ತರ, 'ಆಫ್‌ಲೈನ್ ಮಾತಾಡೋಣ'. ನಾನು ಹೊರಡುವವರೆಗೂ ಆ ಮಾತು ಆಗಲಿಲ್ಲ. ಆದರೂ ನಾನು ಕೊಟ್ಟ ಏಳು ಅಂಕದಲ್ಲಿ ಮೂರು ಈ ಮೆಂಟರ್‌ದೇ. ಪಿವೋಟ್ ಟೇಬಲ್ ಕಲಿಸಿದ್ದೂ ಅವರೇ.

ದೂರು ಕೊಡಲು ದಾರಿಯೇ ಇಲ್ಲ ಅಂತಲ್ಲ. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ಕೆಲಸದ ಷರತ್ತುಗಳನ್ನು ಸ್ಪಷ್ಟವಾಗಿ ಬರೆದಿಡಬೇಕು ಅನ್ನುವ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ವಿನಾಯಿತಿ ಕೊಡುತ್ತಾ ಬಂತು. 2024ರಲ್ಲಿ ಅದನ್ನು ಮತ್ತೆ ವಿಸ್ತರಿಸಿದಾಗಲೂ ನೌಕರರ ಅಹವಾಲಿಗೆ ಒಂದು ಸಮಿತಿ ಇರಬೇಕು ಅನ್ನೋ ಷರತ್ತು ಇತ್ತು. ಇಲ್ಲಿ ಸಮಿತಿ ಇತ್ತು, ಪ್ಯಾಂಟ್ರಿ ಪಕ್ಕದ ಬೋರ್ಡಿನಲ್ಲಿ ಪಟ್ಟಿಯೂ ಇತ್ತು. ಪಟ್ಟಿಯ ಮೊದಲ ಹೆಸರಿನವರು ಕೆಲಸ ಬಿಟ್ಟು ಹೋಗಿದ್ದರು.

ನಮ್ಮಪ್ಪ ಸಾರಿಗೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಲ್ಲಿ ಡಿಪೋ ಮ್ಯಾನೇಜರ್ ಅಂದರೆ 'ಸಾಹೇಬರು'. ಅವರು ಬಂದರೆ ಎದ್ದು ನಿಲ್ಲುತ್ತಾರೆ. ಅದೇ ಸಾಹೇಬರಿಗೆ ಅಪ್ಪ ಎಲ್ಲರೆದುರಿಗೇ, "ಸರ್, ಈ ಗಾಡಿ ಬ್ರೇಕ್ ಸರಿ ಇಲ್ಲ, ನಾನು ಬಿಡಲ್ಲ," ಅಂದಿದ್ದನ್ನು ನಾನು ಚಿಕ್ಕವಳಿದ್ದಾಗ ಕಣ್ಣಾರೆ ನೋಡಿದ್ದೇನೆ. ಗಾಡಿ ಅವತ್ತು ಹೊರಡಲಿಲ್ಲ. ಈ ಆಫೀಸಿನಲ್ಲಿ ಸರ್, ಮೇಡಂ ಇಲ್ಲ. ಅಪ್ಪನ ವಯಸ್ಸಿನ ಡೈರೆಕ್ಟರನ್ನೂ ಹೆಸರು ಹಿಡಿದು ಕರೆಯಬೇಕು. ಮೊದಲ ವಾರ ನನಗೆ ನಾಲಿಗೆಯೇ ಹೊರಳಲಿಲ್ಲ. ಆದರೆ ಆ ಡೈರೆಕ್ಟರ್ ಮೀಟಿಂಗ್‌ನಲ್ಲಿ ಒಂದು ತಾರೀಖು ಹೇಳಿದರೆ, ಆಗಲ್ಲ ಅಂತ ಗೊತ್ತಿದ್ದವರೂ ತಲೆ ಆಡಿಸಿದರು. ಆಗಲ್ಲ ಅನ್ನೋದು ಲಿಫ್ಟಿನಲ್ಲಿ ಕೇಳಿಸಿತು, ಕನ್ನಡದಲ್ಲಿ.

ಗೀರ್ಟ್ ಹೋಫ್‌ಸ್ಟೆಡ್ ಐಬಿಎಂ ನೌಕರರ ಸರ್ವೆ ಇಟ್ಟುಕೊಂಡು ದೇಶ ದೇಶಗಳಿಗೆ 'ಅಧಿಕಾರದ ಅಂತರ'ದ ಅಂಕ ಕೊಟ್ಟರು. ಮೇಲಿನವರಿಗೆ ಅಧಿಕಾರ ಜಾಸ್ತಿ ಇರುವುದನ್ನು ಕೆಳಗಿನವರು ಎಷ್ಟು ಸಹಜ ಅಂತ ಒಪ್ಪಿಕೊಳ್ಳುತ್ತಾರೆ ಅನ್ನೋ ಲೆಕ್ಕ ಅದು. ಭಾರತಕ್ಕೆ 77, ಅಮೆರಿಕಕ್ಕೆ 40. ಕ್ಲಾಸಿನಲ್ಲಿ ಇದನ್ನು ಓದುವಾಗ, ಅಮೆರಿಕದ ಕಂಪನಿಗೆ ಸೇರಿದರೆ ನಾವೂ 40ರ ಕಡೆ ಹೋಗುತ್ತೇವೆ ಅಂತ ಅನ್ನಿಸುತ್ತಿತ್ತು. ಅಪ್ಪನ ಡಿಪೋದಲ್ಲಿ ಯೂನಿಯನ್ ಇದೆ, ಪರ್ಮನೆಂಟ್ ನೌಕರಿ ಇದೆ, ಬ್ರೇಕ್ ಸರಿ ಇಲ್ಲದಿದ್ದರೆ ಗಾಡಿ ಬಿಡಬಾರದು ಅನ್ನೋ ನಿಯಮ ಇದೆ. ಇಲ್ಲಿ ಮಾತಾಡುವವರ ಹಿಂದೆ ಇರುವುದು ಮನೆ ಸಾಲದ ಇಎಂಐ ಮತ್ತು ವರ್ಷದ ಕೊನೆಯ ರೇಟಿಂಗ್. ಅಪ್ಪನನ್ನು ಇಲ್ಲಿ ತಂದು ಕೂರಿಸಿದರೆ ಅವರೂ ತಲೆ ಆಡಿಸುತ್ತಿದ್ದರೋ ಏನೋ.

ಕೊನೆಯ ವಾರ ಕಂಪನಿ ನಮಗೂ ಒಂದು ಫಾರ್ಮ್ ಕಳಿಸಿತು. ನಮ್ಮನ್ನು ಗೆಳೆಯರಿಗೆ ಶಿಫಾರಸು ಮಾಡುತ್ತೀರಾ, 0ಯಿಂದ 10ರಲ್ಲಿ ಹೇಳಿ. ಇದು 2003ರಲ್ಲಿ ಫ್ರೆಡ್ ರೈಕ್‌ಹೆಲ್ಡ್ ಜನಪ್ರಿಯ ಮಾಡಿದ ಲೆಕ್ಕ. 9, 10 ಹಾಕಿದವರ ಶೇಕಡಾವಾರಿನಿಂದ 6 ಮತ್ತು ಅದಕ್ಕಿಂತ ಕೆಳಗೆ ಹಾಕಿದವರ ಶೇಕಡಾವಾರನ್ನು ಕಳೆಯುತ್ತಾರೆ. 7, 8 ಹಾಕಿದವರನ್ನು ಆ ಕಡೆಗೂ ಸೇರಿಸುವುದಿಲ್ಲ, ಈ ಕಡೆಗೂ ಸೇರಿಸುವುದಿಲ್ಲ. ಫಾರ್ಮ್ ಕಳಿಸಿದವರು ಸುಮ್ನೆ ಬಂದು, "ಒಂಬತ್ತೋ ಹತ್ತೋ ಹಾಕಿಬಿಡಿ, ನಮಗೂ ಅನುಕೂಲ," ಅಂದು ಹೋದರು. ಬೇರೆ ಇಂಟರ್ನ್‌ಗಳು ಹತ್ತು ಹಾಕಿದರು. ಅವರ ಪ್ಲೇಸ್‌ಮೆಂಟ್ ಇದೇ ಕಂಪನಿಯ ಕೈಯಲ್ಲಿದೆ, ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ನಾನು ಏಳು ಹಾಕಿದೆ. ನನ್ನದೂ ಒಂದು ಥರದ ತಲೆ ಆಡಿಸುವಿಕೆಯೇ ಅಂತ ನೀವು ಹೇಳಬಹುದು.

ಯಾರಿಗೆ ಇದು ಒಳ್ಳೆಯದು? ಎಚ್‌ಆರ್ ಓದುವವರಿಗೆ ಖಂಡಿತ. ಡೇಟಾ ಮುಟ್ಟಲು ಬಿಡುತ್ತಾರೆ, ಕಾಫಿ ತರಿಸುವುದಿಲ್ಲ, ಯಾರೂ ಗದರುವುದಿಲ್ಲ. ಮಾರ್ಕೆಟಿಂಗ್‌ನವರಿಗೆ ಇಲ್ಲಿ ಮಾಡಲು ಏನೂ ಇಲ್ಲ, ನನ್ನ ಜೊತೆ ಬಂದವನು ಬೇಸಿಗೆಯೆಲ್ಲ ಪಿಪಿಟಿಯ ಬಣ್ಣ ಬದಲಿಸಿದ. ಅರ್ಜಿ ಹಾಕುವವರು ಇಂಟರ್ವ್ಯೂನಲ್ಲಿ 'ನಿಮ್ಮಲ್ಲಿ ಕಲ್ಚರ್ ಹೇಗಿದೆ' ಅಂತ ಕೇಳಬೇಡಿ, ಗೋಡೆಯ ಮೇಲಿನ ಐದು ಮೌಲ್ಯ ಹೇಳುತ್ತಾರೆ. ನನ್ನ ಮ್ಯಾನೇಜರ್ ಯಾರು, ಅವರ ಟೀಮಿನಿಂದ ಕಳೆದ ವರ್ಷ ಎಷ್ಟು ಜನ ಹೋದರು ಅಂತ ಕೇಳಿ. ಉತ್ತರ ಕೊಡದಿದ್ದರೂ ಮುಖ ನೋಡಬಹುದು.

ನನಗೆ ಇಲ್ಲೇ ಕೆಲಸ ಕೊಡುತ್ತಾರಾ ಅನ್ನೋದು ಮುಂದಿನ ಸೆಮಿಸ್ಟರ್‌ನಲ್ಲಿ ಗೊತ್ತಾಗುತ್ತದೆ. ಕೊಟ್ಟರೆ ಹೋಗುತ್ತೇನೆ, ಮನೆಯಲ್ಲಿ ಸಾಲ ಇದೆ. ಆ ಮೆಂಟರ್ ಟೀಮಿಗೇ ಹಾಕಿ ಅಂತ ಕೇಳುತ್ತೇನೆ. ಎಕ್ಸಿಟ್ ಫಾರ್ಮ್‌ನಲ್ಲಿ ಐದನೆಯ ಆಯ್ಕೆಯೊಂದನ್ನು ಸೇರಿಸಲು ಯಾರ ಅನುಮತಿ ಬೇಕು ಅಂತ ಅವರನ್ನು ಆಗಲೇ ಕೇಳಿಟ್ಟಿದ್ದೇನೆ. ಇಬ್ಬರದ್ದು ಸಾಕಂತೆ. ಅದರಲ್ಲಿ ಒಬ್ಬರು ಅವರೇ.